ಅಂಚಿನ ಕತ್ತಲೆ

ಗರ್ಭಗುಡಿಯ ಮುಂದೆ ನಿಂತು ದೇವರ ದರ್ಶನ ಮಾಡಿದವರೆಲ್ಲರಿಗೂ ಒಂದು ಸಂಗತಿ ಅನುಭವದಿಂದಲೇ ತಿಳಿದಿರುವುದು. ನಂದಾದೀಪದ ಬೆಳಕು ಮೂರ್ತಿಯ ಮುಖದ ಮೇಲೆ ಬಿದ್ದಿರುತ್ತದೆ. ಸುತ್ತಲಿನ ಗೋಡೆ, ಮೂಲೆ, ಮೇಲ್ಗಡೆಯ ಕಲ್ಲು ಎಲ್ಲವೂ ಕತ್ತಲೆಯಲ್ಲಿ ಕರಗಿಹೋಗಿರುತ್ತವೆ. ಕಣ್ಣಿಗೆ ಬೇರೆ ಕಡೆಗೆ ಹೋಗಲು ದಾರಿಯೇ ಇಲ್ಲ. ಅದೇ ಸ್ಥಳದಲ್ಲಿ, ಈಚೆಗೆ ಕೆಲವೆಡೆ ಮಾಡುವಂತೆ, ನಾಲ್ಕು ಟ್ಯೂಬ್‌ಲೈಟುಗಳನ್ನು ಹಾಕಿಬಿಟ್ಟರೆ ಎಣ್ಣೆಯ ಡಬ್ಬವೂ ಗಂಟೆಯ ಹಗ್ಗವೂ ಮೂರ್ತಿಯಷ್ಟೇ ಸ್ಪಷ್ಟವಾಗಿ ಕಾಣಿಸುತ್ತವೆ. ಮೂರ್ತಿ ಮಾತ್ರ ಮೊದಲಿನಂತೆ ಕಾಣಿಸುವುದಿಲ್ಲ. ತೋರಿಸುವ ಕಾರ್ಯದಲ್ಲಿ ಬೆಳಕಿಗೆ ಎಷ್ಟು ಪಾಲುಂಟೋ ಕತ್ತಲೆಗೂ ಅಷ್ಟೇ ಪಾಲುಂಟೆಂಬುದು ಇದರಿಂದ ಸಿದ್ಧವಾಗುವುದು.

ಈ ತಿಂಗಳು ನಾವು ವಾಚಕರೊಡನೆ ಮಾತನಾಡಬೇಕೆಂದಿರುವುದು ಇಂತಹ ಕತ್ತಲೆಯ ವಿಷಯವನ್ನೇ. ಈಗ ಕ್ಯಾಮೆರವುಳ್ಳ ಫೋನು ಇಲ್ಲದ ಮನೆ ಅಪರೂಪ. ಮಗುವಿನ ನಾಮಕರಣವಾಗಲಿ, ಅಜ್ಜಿಯ ಹುಟ್ಟುಹಬ್ಬವಾಗಲಿ, ಚಿತ್ರ ತೆಗೆದುದಾದ ಮೇಲೆ ಅದನ್ನು ತಿದ್ದುವುದೊಂದು ನಿತ್ಯಕರ್ಮವಾಗಿದೆ. ಆ ತಿದ್ದುಪಡಿಗಳಲ್ಲಿ ಬಹುಮಂದಿಗೆ ಪ್ರಿಯವಾದುದೆಂದರೆ ಚಿತ್ರದ ನಾಲ್ಕು ಅಂಚುಗಳನ್ನೂ ಮೆಲ್ಲಮೆಲ್ಲನೆ ಕಪ್ಪಾಗಿಸಿ ನಡುವಣ ಮುಖವನ್ನು ಎದ್ದು ಕಾಣುವಂತೆ ಮಾಡುವ ಉಪಾಯ. ಇದಕ್ಕೆ 'ವಿನ್ಯೆಟ್' ಎಂದು ಹೆಸರು. ನಮ್ಮ ಚಿಂತಾಮಣಿಯ ಸ್ಟುಡಿಯೋಗಳ ತರುಣರು 'ವಿಗ್ನೆಟ್' ಎನ್ನುತ್ತಾರೆ. ಮೂವತ್ತು ವರ್ಷ ಉಚ್ಚಾರಣೆಯನ್ನು ತಿದ್ದಿದ ನಾಲಗೆ ನಮ್ಮದಾದರೂ, ಅವರ ಕೈ ನಮ್ಮ ಕೈಗಿಂತ ಚೆನ್ನಾಗಿ ಆಡುವುದರಿಂದ ಸುಮ್ಮನಿದ್ದೇವೆ.

ಶಬ್ದದ ಮೂಲವು ಸ್ವಾರಸ್ಯವಾದುದು. ಫ್ರೆಂಚ್ ಭಾಷೆಯಲ್ಲಿ ದ್ರಾಕ್ಷಿಯ ಬಳ್ಳಿಯೆಂಬ ಅರ್ಥವುಳ್ಳ ಶಬ್ದದಿಂದ ಇದು ಹುಟ್ಟಿದೆ. ವಿನ್ಯೆಟ್ ಎಂದರೆ ಕಿರುಬಳ್ಳಿ. ಹಳೆಯ ಗ್ರಂಥಗಳ ಪುಟದಂಚಿನಲ್ಲಿಯೂ ಅಧ್ಯಾಯಗಳ ಮೊದಲುಕೊನೆಗಳಲ್ಲಿಯೂ ಬಿಡಿಸುತ್ತಿದ್ದ ಬಳ್ಳಿಯ ಅಲಂಕಾರಕ್ಕೆ ಮೊದಲು ಈ ಹೆಸರಾಯಿತು. ಬಳಿಕ, ಚೌಕಟ್ಟಿಲ್ಲದೆ ಕಾಗದದ ಬಿಳುಪಿನಲ್ಲಿಯೇ ಅಂಚು ಕರಗಿಹೋಗುವ ಸಣ್ಣ ಚಿತ್ರಗಳಿಗೆ ಬಂದಿತು. ಅಲ್ಲಿಂದ ಛಾಯಾಚಿತ್ರಗಳಿಗೆ ಇಳಿಯಿತು. ನಮ್ಮ ಚಿಕ್ಕಬಳ್ಳಾಪುರದ ಸೀಮೆ ದ್ರಾಕ್ಷಿಗೆ ಪ್ರಸಿದ್ಧವಾದುದು. ಈ ಹೆಸರು ಇಲ್ಲಿಗೆ ಬಂದು ತನ್ನ ಬಂಧುಗಳ ನಡುವೆಯೇ ನೆಲಸಿದಂತಾಯಿತು. ಬಳ್ಳಿಯ ಅಂಚು ನಮಗೂ ಹೊಸದಲ್ಲ. ಬೇಲೂರು ಹಳೇಬೀಡುಗಳ ಗುಡಿಗಳಲ್ಲಿ ಗೋಡೆಯ ಕೆಳಭಾಗದ ಪಟ್ಟಿಕೆಗಳನ್ನು ನೋಡಿದವರು ಆನೆಗಳ ಸಾಲಿನ ಮೇಲಣ ಲತಾಪಟ್ಟಿಕೆಯನ್ನು ಬಲ್ಲರು. ಅಂಚೆಂಬುದು ನಡುವಣ ವಸ್ತುವನ್ನು ಎತ್ತಿ ಹಿಡಿಯಲಿಕ್ಕಾಗಿ ಇರತಕ್ಕದ್ದೆಂದು ಎರಡು ನಾಡಿನ ಶಿಲ್ಪಿಗಳೂ ತಿಳಿದಿದ್ದರು.

ಇನ್ನು ಕತ್ತಲೆಯ ಕಾರಣವನ್ನು ನೋಡುವ. ಮೊದಮೊದಲು ಇದು ಗುಣವಾಗಿರಲಿಲ್ಲ, ದೋಷವಾಗಿತ್ತು. ಕ್ಯಾಮೆರದ ಮಸೂರವು ನಟ್ಟನಡುವೆ ಬೀಳಿಸಿದಷ್ಟು ಬೆಳಕನ್ನು ಮೂಲೆಗಳಲ್ಲಿ ಬೀಳಿಸಲಾರದು. ಓರೆಯಾಗಿ ಬರುವ ಕಿರಣಕ್ಕೆ ಮಸೂರದ ಬಾಯಿ ಕಿರಿದಾಗಿ ಕಾಣುತ್ತದೆ. ಅದು ಹೆಚ್ಚು ದೂರ ಹೋಗಬೇಕು. ಕೊನೆಗೆ ಓರೆಯಾಗಿಯೇ ಬಿದ್ದು ಹೆಚ್ಚು ಜಾಗದಲ್ಲಿ ಹರಡಿಕೊಳ್ಳುತ್ತದೆ. ಇವೆಲ್ಲವನ್ನೂ ಕೂಡಿಸಿ ಗಣಿತಜ್ಞರು ಒಂದು ನಿಯಮವನ್ನು ಹೇಳಿರುತ್ತಾರೆ: ಬೆಳಕು ಆ ಕೋನದ ಕೊಸೈನಿನ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಕುಗ್ಗುವುದು. ಸರಳವಾದ ಮಸೂರದಲ್ಲಿ ೩೦ ಅಂಶಗಳಷ್ಟು ಓರೆಯಾದ ಕಡೆ ನಡುವಣ ಬೆಳಕಿನ ನೂರರಲ್ಲಿ ೫೬ ಪಾಲು, ೪೫ ಅಂಶಗಳ ಕಡೆ ೨೫ ಪಾಲು ಮಾತ್ರ ಉಳಿಯುವುದು. ಇದಲ್ಲದೆ ಮಸೂರದ ಕೊಳವೆಯ ತುಟಿಯೇ ಓರೆಯ ಕಿರಣಗಳನ್ನು ಕೊಂಚ ತಡೆಯುತ್ತದೆ. ಬೆಳಕಿನ ಕಂಡಿಯನ್ನು ಕಿರಿದು ಮಾಡಿದರೆ ಈ ಎರಡನೆಯ ದೋಷವು ತಗ್ಗುತ್ತದೆ. ಇಂದಿನ ಫೋನುಗಳಾದರೋ ಈ ನಷ್ಟವನ್ನು ತಾವೇ ಲೆಕ್ಕಹಾಕಿ ಅಂಚಿಗೆ ಬೆಳಕನ್ನು ತುಂಬಿಯೇ ಚಿತ್ರವನ್ನು ನಮ್ಮ ಕೈಗೆ ಕೊಡುತ್ತವೆ. ಯಂತ್ರವು ಶ್ರಮಪಟ್ಟು ಕಳೆದ ಕತ್ತಲೆಯನ್ನು ನಾವು ಮತ್ತೆ ಶ್ರಮಪಟ್ಟು ಕೂಡಿಸುತ್ತಿದ್ದೇವೆ.

ಇದು ಹುಚ್ಚಲ್ಲ. ಕತ್ತಲಕೋಣೆಯ ಕಾಲದಲ್ಲಿಯೂ ಬಲ್ಲವರು ಇದನ್ನು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಎದೆಮಟ್ಟದ ಭಾವಚಿತ್ರಗಳಲ್ಲಿ ಅಂಚು ಬೆಳ್ಳಗೆ ಕರಗುತ್ತಿದ್ದಿತು. ಮೊಟ್ಟೆಯಾಕಾರದ ಕಂಡಿ ಕೊರೆದ ರಟ್ಟನ್ನು ಬೆಳಕಿಗೂ ನೆಗೆಟಿವಿಗೂ ನಡುವೆ ಇಟ್ಟು ಅಚ್ಚು ತೆಗೆಯುತ್ತಿದ್ದರು. ಅಂಚು ಕಪ್ಪಾಗಬೇಕಾದರೆ ಮಾರ್ಗ ಇದಕ್ಕೆ ವಿರುದ್ಧವಾದುದು. ಕಾಗದಕ್ಕೆ ಬೇಕಾದಷ್ಟು ಬೆಳಕು ಬಿದ್ದ ಮೇಲೆ ನಡುವಣ ಭಾಗವನ್ನು ರಟ್ಟಿನಿಂದ ಮರೆಮಾಡಿ, ಆ ರಟ್ಟನ್ನು ಅಲುಗಿಸುತ್ತ, ಅಂಚಿಗೆ ಮಾತ್ರ ಇನ್ನು ಕೆಲವು ಕ್ಷಣ ಬೆಳಕನ್ನು ಉಣಿಸುವುದು. ಅಲುಗಿಸುವುದೇಕೆಂದರೆ ಗೆರೆ ಬೀಳದಿರಲೆಂದು. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಚಲನಚಿತ್ರಗಳಲ್ಲಿ ಬೆಳಕು ಕತ್ತಲೆಗಳನ್ನು ಹೊಂದಿಸಿದ ರೀತಿ ದೇಶಕ್ಕೆಲ್ಲ ಪಾಠವಾಯಿತು. ೧೯೫೯ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲು ತುಂಬಿದ ವಿಶಾಲವಾದ ಸ್ಟುಡಿಯೋದ ನಡುವೆ ಇಳಿಯುವ ಒಂದೇ ಒಂದು ಬೆಳಕಿನ ಕೋಲನ್ನು ಕಂಡವರು ಮರೆಯಲಾರರು. ಆ ಬೆಳಕು ಅಷ್ಟು ಹೇಳುವುದು ಸುತ್ತಲಿನ ಕತ್ತಲೆಯ ಬಲದಿಂದಲ್ಲವೇ? ೨೦೦೮ನೆಯ ವರ್ಷದ ದಾದಾಸಾಹೇಬ್ ಫಾಲ್ಕೆ ಪುರಸ್ಕಾರವು ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ದೊರೆತುದು ಆಗಲೇ ಮೊದಲು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಊರಿಗೆ ಸಮೀಪದಲ್ಲಿ ಅಂಬಾಜಿದುರ್ಗದ ಬಳಿಯಿರುವ ಕೈಲಾಸಗಿರಿಗೆ ವಾಚಕರು ಒಮ್ಮೆ ಹೋಗಿಬರಲಿ. ಈ ಕಾಲದಲ್ಲಿಯೇ ಬಂಡೆಯನ್ನು ಕೊರೆದು ಮಾಡಿದ ಗುಹಾಲಯವದು. ಒಳಗೆ ನಿಂತು ಬಾಗಿಲಿನ ಕಡೆಗೆ ತಿರುಗಿ ನೋಡಿದರೆ ಸುತ್ತಲೂ ಬಂಡೆಯ ಕಪ್ಪು, ನಡುವೆ ಬಯಲಿನ ಬಿಸಿಲು. ಯಾವ ಸಾಫ್ಟ್‌ವೇರಿನ ಸಹಾಯವೂ ಇಲ್ಲದೆ ಕಲ್ಲೇ ಹಾಕಿಕೊಟ್ಟ ವಿನ್ಯೆಟ್ ಅದು.

ಈಗ ಮಾಡುವ ವಿಧಾನ. ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತಿದ್ದುವ ಫೋಟೋಶಾಪ್ ೧೯೯೦ರಲ್ಲಿ ಬಂದಿತು; ಅದಕ್ಕೆ ಹಣ ಕೊಡಬೇಕು. ೧೯೯೬ರಿಂದ ದೊರೆಯುತ್ತಿರುವ ಗಿಂಪ್ ಎಂಬುದಕ್ಕೆ ಹಣವಿಲ್ಲ. ನಾವು ಕಲಿತುದು ಅದರಲ್ಲಿ. ಮೊದಲು ಮೂಲಚಿತ್ರದ ಒಂದು ನಕಲನ್ನು ಮಾಡಿಕೊಂಡು ಆ ನಕಲನ್ನೇ ತೆರೆಯಬೇಕು. ಮುಖ್ಯವಾದ ವಸ್ತುವಿನ ಸುತ್ತ ಮೊಟ್ಟೆಯಾಕಾರದ ಆಯ್ಕೆಯನ್ನು ಎಳೆದು, ಅದನ್ನು ತಿರುವುಮುರುವು ಮಾಡಿದರೆ ಅಂಚುಗಳು ಮಾತ್ರ ಆಯ್ಕೆಗೆ ಬರುವುವು. ಆಯ್ಕೆಯ ಗೆರೆಯನ್ನು ಧಾರಾಳವಾಗಿ ಮೃದುಗೊಳಿಸಬೇಕು. ೩೦೦೦ ಬಿಂದುಗಳ ಅಗಲದ ಚಿತ್ರಕ್ಕೆ ೫೦೦ ಬಿಂದುಗಳಷ್ಟಾದರೂ ಇರಲಿ. ಕತ್ತಲಕೋಣೆಯಲ್ಲಿ ರಟ್ಟನ್ನು ಅಲುಗಿಸುತ್ತಿದ್ದ ಕೈಯ ಕೆಲಸವನ್ನು ಇಲ್ಲಿ ಈ ಮೃದುತ್ವವೇ ಮಾಡುವುದು. ಬಳಿಕ ಮೇಲೊಂದು ಬರಿಯ ಪದರವನ್ನು ಹಾಸಿ, ಅದರಲ್ಲಿ ಕಪ್ಪನ್ನು ತುಂಬಿ, ಆ ಪದರದ ಗಾಢತೆಯನ್ನು ನೂರರಲ್ಲಿ ಇಪ್ಪತ್ತು ಮೂವತ್ತಕ್ಕೆ ಇಳಿಸಬೇಕು. ಪದರವು ಬೇರೆಯಾಗಿಯೇ ಇರುವುದರಿಂದ, ನಾಳೆ ಬೇಡವೆನಿಸಿದರೆ ತೆಗೆದುಹಾಕಬಹುದು. ಫೋನಿನವರಿಗೆ ಸ್ನ್ಯಾಪ್‌ಸೀಡ್ ಮೊದಲಾದವುಗಳಲ್ಲಿ ಈ ಹೆಸರಿನ ಉಪಕರಣವೇ ಇದೆ. ಬೆಳಕಿನ ನಡುವನ್ನು ಬೆರಳಿನಿಂದ ಮುಖದ ಮೇಲಕ್ಕೆ ಸರಿಸಿ, ಒಳಗಿನ ಬೆಳಕನ್ನೂ ಹೊರಗಿನ ಬೆಳಕನ್ನೂ ಬೇರೆಬೇರೆಯಾಗಿ ಹೆಚ್ಚು ಕಡಿಮೆ ಮಾಡಬಹುದು.

ಎಷ್ಟು ಹಾಕಬೇಕೆಂದು ಕೇಳುವವರಿಗೆ ನಮ್ಮ ಉತ್ತರವು ಅಡಿಗೆಯವರ ಉತ್ತರವೇ. ಸಾರಿಗೆ ಇಂಗು ಹಾಕಿದಂತೆ ಇರಬೇಕು. ಘಮ ಬರಬೇಕು, ಹಲ್ಲಿಗೆ ಸಿಕ್ಕಬಾರದು. ನೋಡುವವನು 'ಮುಖ ಎಷ್ಟು ಚೆನ್ನಾಗಿ ಬಂದಿದೆ' ಎಂದರೆ ಸರಿಯಾಯಿತು. 'ಅಂಚಿಗೆ ಏನೋ ಮಾಡಿದ್ದೀರಿ' ಎಂದರೆ ಹೆಚ್ಚಾಯಿತು. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಈ ನ್ಯಾಯ ಹೊಸದಲ್ಲ. ಕಾವ್ಯದಲ್ಲಿ ಒಂದು ರಸವು ಅಂಗಿಯಾಗಿರಬೇಕು, ಉಳಿದವು ಅದಕ್ಕೆ ಅಂಗವಾಗಿ ನಿಲ್ಲಬೇಕು ಎಂಬುದನ್ನು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಧ್ವನ್ಯಾಲೋಕದಲ್ಲಿ ನಿರೂಪಿಸಿದ್ದಾನೆ. ಅಂಗವು ಅಂಗಿಗೆ ತಗ್ಗಿ ನಿಲ್ಲಬೇಕೇ ಹೊರತು ಇಲ್ಲವಾಗಬೇಕೆಂದು ಅದರ ಅರ್ಥವಲ್ಲ.

ಈ ಕೊನೆಯ ವಾಕ್ಯವನ್ನು ನಾವು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇವೋ ಲೆಕ್ಕವಿಲ್ಲ. ಹಾಗಿದ್ದೂ ಎಡವಿದೆವು. ಅದನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ವಿಷಯವನ್ನು ಎತ್ತಿಕೊಂಡೆವು.

ನಮಗೆ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದ ಪಂಡಿತರ ಸ್ಮರಣೆಗಾಗಿ ಹಳೆಯ ವಿದ್ಯಾರ್ಥಿಗಳು ಕೆಲವರು ಕೂಡಿ ಒಂದು ಸಣ್ಣ ಪುಸ್ತಕವನ್ನು ತಂದೆವು. ಮೊದಲ ಪುಟಕ್ಕೆ ೧೯೮೧ರಲ್ಲಿ ನಾವು ಹತ್ತನೆಯ ತರಗತಿಯನ್ನು ಮುಗಿಸಿದಾಗ ತೆಗೆಸಿದ ಗುಂಪಿನ ಚಿತ್ರವನ್ನು ಹಾಕುವುದೆಂದು ನಿಶ್ಚಯವಾಯಿತು. ಚಿತ್ರವು ನಮ್ಮ ಪೆಟ್ಟಿಗೆಯಲ್ಲಿತ್ತು. ಅದನ್ನು ಸ್ಟುಡಿಯೋ ಒಂದಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿದೆವು. ಕಾಗದದ ಅಂಚು ಹಳದಿಯಾಗಿ ಕಲೆ ಬಿದ್ದಿತ್ತು. ಅಲ್ಲಿನ ತರುಣನು, "ಸಾರ್, ಅಂಚಿಗೆ ವಿಗ್ನೆಟ್ ಹಾಕಿಬಿಡ್ತೀನಿ. ಕಲೆನೂ ಮುಚ್ಚತ್ತೆ, ಪಂಡಿತರೂ ಎದ್ದು ಕಾಣ್ತಾರೆ" ಎಂದನು. ಹಾಕಿದನು. ನಿಜವಾಗಿಯೂ ನಡುವಣ ಕುರ್ಚಿಯಲ್ಲಿ ಕುಳಿತಿದ್ದ ಪಂಡಿತರ ಮುಖವು, ಆ ರುಮಾಲು, ಆ ಉತ್ತರೀಯ, ದೀಪ ಹಚ್ಚಿಟ್ಟಂತೆ ಬೆಳಗಿತು. ನಾವು ನಿಂತಿದ್ದುದು ಹಿಂದಿನ ಸಾಲಿನ ಬಲತುದಿಯಲ್ಲಿ. ನಮ್ಮ ಮುಖವನ್ನು ಹುಡುಕಿದೆವು; ಕೊಂಚ ಮಬ್ಬಾಗಿಯಾದರೂ ಕಂಡಿತು. ಅಷ್ಟರಿಂದಲೇ ತೃಪ್ತರಾಗಿ ಒಪ್ಪಿಗೆ ಕೊಟ್ಟೆವು. ಪುಸ್ತಕ ಅಚ್ಚಾಯಿತು.

ಒಂದು ತಿಂಗಳ ಬಳಿಕ ಒಂದು ಸಂಜೆ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಪುಸ್ತಕವನ್ನು ಸೆರಗಿನಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಜವಾನರ ಮಗಳು ತಾನೆಂದು ಹೇಳಿಕೊಂಡರು. ಆ ಹಿರಿಯರನ್ನು ನಾವೆಲ್ಲ 'ಗಂಟೆ ತಾತ' ಎಂದೇ ಕರೆಯುತ್ತಿದ್ದೆವು. ನಮ್ಮ ತಾಲ್ಲೂಕಿನ ರೂಢಿಯಂತೆ ತೆಲುಗು ಕನ್ನಡಗಳೆರಡನ್ನೂ ಬೆರೆಸಿ ಆಕೆ ಆಡಿದ ಮಾತಿನ ಸಾರಾಂಶವಿದು: "ಮೇಷ್ಟ್ರೇ, ಪಂಡಿತರು ತಾವಾಗಿಯೇ ಕರೆದು ನಮ್ಮ ನಾಯನನ್ನ ಫೋಟೋದಲ್ಲಿ ನಿಲ್ಲಿಸಿಕೊಂಡರಂತೆ. ಸಾಯೋ ತನಕ ಹೇಳ್ತಾ ಇದ್ದರು. ಮನೆಯಲ್ಲಿ ಅವರದೊಂದು ಪಟ ಇಲ್ಲ. ಇದರಲ್ಲಿ ನಮ್ಮ ನಾಯನ ಎಲ್ಲಿದ್ದಾರೆ, ಒಂದಿಷ್ಟು ತೋರಿಸಿ."

ನಾವು ಕನ್ನಡಕವನ್ನು ಏರಿಸಿಕೊಂಡು ನೋಡಿದೆವು. ನಮ್ಮ ಮುಖದಿಂದಾಚೆಗೆ ಕಪ್ಪು ಮಾತ್ರ ಇತ್ತು.

ಆಗ ಎಲ್ಲವೂ ನೆನಪಿಗೆ ಬಂದಿತು. ಛಾಯಾಚಿತ್ರಗಾರನು ಕಪ್ಪು ಬಟ್ಟೆಯೊಳಗೆ ತಲೆಯಿಟ್ಟಿದ್ದನು. ಪಂಡಿತರು ಕುರ್ಚಿಯಿಂದ ತಿರುಗಿ ಜಗಲಿಯ ಕಡೆಗೆ ನೋಡಿ, "ನೀನು ಗಂಟೆ ಬಾರಿಸದೆ ಇವರಿಗೆ ಪಾಠವೆಲ್ಲಿಂದ ಬರುತ್ತಿತ್ತಯ್ಯ? ಬಾ, ನಿಂತುಕೋ" ಎಂದರು. ಆತನು ಸಂಕೋಚದಿಂದ ಬಂದು, ಸಾಲಿಗೆ ಸೇರಿಯೂ ಸೇರದಂತೆ, ನಮ್ಮಿಂದ ಎರಡು ಮೊಳ ದೂರದಲ್ಲಿ ಹೊಂಗೆಯ ಮರದ ನೆರಳಿನಲ್ಲಿ ನಿಂತನು. ಖಾಕಿಯ ಅಂಗಿ, ಮರದ ನೆರಳು, ಅದರ ಮೇಲೆ ನಾವು ಹಾಕಿಸಿದ ಕತ್ತಲೆ. ಗುರುಗಳು ಒಳಕ್ಕೆ ಕರೆದುಕೊಂಡವನನ್ನು, ಗುರುಗಳ ಗೌರವಕ್ಕಾಗಿಯೆಂದೇ ಹೊರಟ ಶಿಷ್ಯರು ಹೊರಕ್ಕೆ ಹಾಕಿದ್ದೆವು. ತರುಣನನ್ನು ದೂರುವುದಕ್ಕೆ ಕಾರಣವಿಲ್ಲ. ಅಂಚಿನಲ್ಲಿ ಯಾರಿದ್ದರೆಂಬುದು ಆತನಿಗೆ ತಿಳಿಯದು, ನಮಗೆ ತಿಳಿದಿತ್ತು.

ಮಾರನೆಯ ಬೆಳಗ್ಗೆ ಮೂಲದ ಚಿತ್ರವನ್ನು ತೆಗೆದುಕೊಂಡು ಅದೇ ಸ್ಟುಡಿಯೋಕ್ಕೆ ಹೋದೆವು. ಮೊದಲು ಸ್ಕ್ಯಾನ್ ಮಾಡಿದ ಕಡತದ ಮೇಲೆಯೇ ತಿದ್ದುಪಡಿಯನ್ನು ಉಳಿಸಿಬಿಟ್ಟಿದ್ದರಿಂದ ಕತ್ತಲೆಯನ್ನು ಅದರಿಂದ ಹಿಂದಕ್ಕೆ ತೆಗೆಯಲು ಆಗಲಿಲ್ಲ. ಇದರ ಕಾರಣವನ್ನು ವಾಚಕರು ತಿಳಿದಿರಬೇಕು. ಸಾಮಾನ್ಯವಾದ ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಇರುವುದು ೨೫೬ ಮೆಟ್ಟಿಲುಗಳು ಮಾತ್ರ. ನೆರಳಿನಲ್ಲಿ ಮೊದಲೇ ಕೆಳಗಿದ್ದ ಹತ್ತಾರು ಮೆಟ್ಟಿಲುಗಳನ್ನು ಇನ್ನೂ ಕೆಳಕ್ಕೆ ತುಳಿದರೆ ಅವು ಎರಡು ಮೂರಾಗಿ ಒಂದರೊಳಗೊಂದು ಕೂಡಿಹೋಗುವುವು. ಮೂಗಿಗೂ ಕೆನ್ನೆಗೂ ಇದ್ದ ಭೇದವು ಒಮ್ಮೆ ಅಳಿಸಿಹೋದರೆ ಆಮೇಲೆ ಎಷ್ಟು ಬೆಳಕನ್ನು ತುಂಬಿದರೂ ಬೂದಿಯ ಬಣ್ಣ ಬರುವುದೇ ಹೊರತು ಮುಖ ಬರುವುದಿಲ್ಲ. ಪುಣ್ಯವಶಾತ್ ಕಾಗದದ ಚಿತ್ರ ಇದ್ದಿತು. ಅದನ್ನು ಹೊಸದಾಗಿ ಸ್ಕ್ಯಾನ್ ಮಾಡಿಸಿ, ಈ ಬಾರಿ ಅಂಚಿಗೆ ಕತ್ತಲೆಯ ಬದಲು ಕೊಂಚ ಬೆಳಕನ್ನೇ ಕೊಡಿಸಿದೆವು. ಹೊಂಗೆಯ ನೆರಳಿನೊಳಗಿಂದ ಮೆಲ್ಲನೆ ಆ ಮುಖ ಬಂದಿತು. ಹಳದಿಯ ಕಲೆಯೂ ಜೊತೆಗೆ ಬಂದಿತು, ಇರಲಿ ಎಂದೆವು. ಆ ಚಿತ್ರವನ್ನು ಬಿಡಿಹಾಳೆಯಾಗಿ ಅಚ್ಚು ಹಾಕಿಸಿ, ಉಳಿದಿದ್ದ ಪ್ರತಿಗಳಲ್ಲೆಲ್ಲ ಇಡಿಸಿ, ಈಗಾಗಲೇ ಕೊಂಡವರಿಗೆ ಒಂದೊಂದನ್ನು ಕಳುಹಿಸಿಕೊಟ್ಟೆವು.

ಈ ಅನುಭವದಿಂದ ನಾವು ಕಲಿತುದನ್ನು ಮನೆವಾಳ್ತೆಯವರ ಉಪಯೋಗಕ್ಕಾಗಿ ಹೇಳುತ್ತೇವೆ. ಮೂಲಚಿತ್ರದ ಮೇಲೆ ಎಂದಿಗೂ ಕೈಯಿಡಕೂಡದು. ತಿದ್ದಿದುದನ್ನು ಬೇರೆ ಹೆಸರಿನಲ್ಲಿ ಇರಿಸತಕ್ಕದ್ದು. ಕಾಗದದ ಹಳೆಯ ಚಿತ್ರವನ್ನು, ಸ್ಕ್ಯಾನ್ ಆಯಿತೆಂದು, ಬಿಸಾಡಕೂಡದು. ಗುಂಪಿನ ಚಿತ್ರಕ್ಕೆ ಅಂಚಿನ ಕತ್ತಲೆ ಸಲ್ಲದು. ಮದುವೆಯ ಚಿತ್ರದಲ್ಲಿ ಅಂಚಿಗೆ ನಿಂತವರು ಬಡ ನಂಟರೋ, ಅಡಿಗೆಯವರೋ, ಎತ್ತಿ ಆಡಿಸಿದ ಮುದುಕಿಯೋ ಆಗಿರುವುದೇ ಹೆಚ್ಚು. ಶಾಸನ, ಹಳೆಯ ಪತ್ರ, ಮನೆಯ ಕಾಗದಪತ್ರ ಇವುಗಳ ಚಿತ್ರಕ್ಕೂ ಕೂಡದು; ಅಂಚಿನ ಒಂದಕ್ಷರ ಹೋದರೆ ಅರ್ಥವೇ ಹೋದೀತು. ಗುರುತಿನ ಚೀಟಿಗೆ ಕೊಡುವ ಚಿತ್ರಕ್ಕೆ ಹಿನ್ನೆಲೆಯೆಲ್ಲ ಒಂದೇ ಸಮನಾಗಿರಬೇಕಾದುದರಿಂದ ಅಲ್ಲಿಯೂ ಬೇಡ. ಬರಿಯ ಆಕಾಶವಿರುವ ಚಿತ್ರದಲ್ಲಿ ಹೆಚ್ಚಾಗಿ ಹಾಕಿದರೆ ಬಣ್ಣವು ಮೆಟ್ಟಿಲುಮೆಟ್ಟಿಲಾಗಿ ಬಳೆಗಳಂತೆ ಒಡೆದು ಕಾಣುವುದು. ಅಚ್ಚಿಗೆ ಕೊಡುವುದಾದರೆ ತೆರೆಯ ಮೇಲೆ ಚೆನ್ನಾಗಿ ಕಂಡುದಕ್ಕಿಂತ ಇನ್ನೂ ಕಡಿಮೆ ಹಾಕಬೇಕು. ತೆರೆಯು ತಾನೇ ಬೆಳಗುವ ವಸ್ತು, ಕಾಗದ ಹಾಗಲ್ಲ, ಅದರಲ್ಲಿಯೂ ಅಗ್ಗದ ಕಾಗದವು ಮಸಿಯನ್ನು ಹೀರಿ ಹರಡುತ್ತದೆ. ಒಬ್ಬರ ಭಾವಚಿತ್ರ, ತೊಟ್ಟಿಲ ಮಗು, ದೀಪದ ಮುಂದೆ ಕುಳಿತ ಅಜ್ಜಿ, ಒಂದು ಹೂವು ಇವುಗಳಿಗೆ ಹಾಕಿದರೆ ಶೋಭೆಯೇ. ಹಾಕುವುದಕ್ಕೆ ಮೊದಲು ಮಾತ್ರ ನಾಲ್ಕು ಮೂಲೆಗಳನ್ನೂ ಒಮ್ಮೆ ನೋಡಿ, ಅಲ್ಲಿ ಯಾರಿದ್ದಾರೆಂದು ಕೇಳಿಕೊಳ್ಳಬೇಕು. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದೆಂದು ಶಾಸ್ತ್ರಕಾರರು ದೇಹಲೀದೀಪನ್ಯಾಯವನ್ನು ಹೇಳುತ್ತಾರೆ. ಮನೆಯ ಚಿತ್ರಗಳಿಗೆ ಆ ದೀಪವೇ ಮೇಲು.

ಆ ಹೆಂಗಸಿನ ಮಾತನ್ನು ಹೇಳಿ ಮುಗಿಸುತ್ತೇವೆ. ಹೊಸ ಚಿತ್ರವನ್ನು ಕೊಟ್ಟಾಗ ಆಕೆ ಬಹಳ ಹೊತ್ತು ನೋಡಿ, "ನಾಯನದೊಂದೇ ದೊಡ್ಡದಾಗಿ ಮಾಡಿಕೊಡ್ತೀರಾ? ಗೋಡೆಗೆ ಹಾಕ್ತೀವಿ" ಎಂದರು. ಮಾಡಿಸಿದೆವು. ಗುಂಪಿನಿಂದ ಆ ಮುಖವನ್ನು ಬೇರ್ಪಡಿಸಿದಾಗ ಎಡಗಡೆಯಲ್ಲಿ ಒಬ್ಬ ಹುಡುಗನ ಅರ್ಧತೋಳು ಉಳಿದುಕೊಂಡಿತು. ತರುಣನು ನಮ್ಮ ಮುಖವನ್ನು ನೋಡಿ, "ಇಲ್ಲಿ ಹಾಕಬಹುದಾ ಸಾರ್?" ಎಂದು ಕೇಳಿದನು. ಹಾಕು ಎಂದೆವು. ಮೆಲ್ಲನೆ ಸುತ್ತಲೂ ಕತ್ತಲೆ ಇಳಿಯಿತು. ಗಂಟೆ ತಾತನ ಮುಖ ನಡುವೆ ನಿಂತಿತು. ಈಗ ಆ ಪಟವು ಅವರ ಮನೆಯ ನಡುಮನೆಯಲ್ಲಿದೆ. ಅದರ ಅಂಚಿನ ಕತ್ತಲೆಯಲ್ಲಿ ಸೇರಿಹೋಗಿರುವ ತೋಳು ನಮ್ಮದು.